ಕಣ್ಣಿಗೊತ್ತಿಕೊಳ್ಳುವಷ್ಟು ಹೊತ್ತು

ಹಳದಿ ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಲು ನಂಜುಂಡಸ್ವಾಮಿ ಸ್ಕ್ರೂಡ್ರೈವರ್ ಹುಡುಕುತ್ತಿದ್ದ. ಅದು ಅವನ ಎಡಗೈಯಲ್ಲೇ ಇತ್ತು. ಗೆಳೆಯ ಟೂನ್ ಅದನ್ನು ನೋಡುತ್ತಲೇ ತನ್ನ ಕಾಫಿ ಮುಗಿಸಿದ. ಡಚ್ಚರ ಊರಾದ ಟಿಲ್‌ಬರ್ಗ್‌ನ ಹೊರಗೆ ಟೂನ್‌ನ ಅಪ್ಪ ಹಸು ಕಟ್ಟುತ್ತಿದ್ದ ಆ ಕೊಟ್ಟಿಗೆಯಲ್ಲಿ ಈಗ ಹಸುಗಳಿಲ್ಲ. ಗೋದಲಿಯ ಜಾಗದಲ್ಲಿ ಹಳೆಯ ಟಯರುಗಳು, ಅವುಗಳ ಮಧ್ಯೆ ನಂಜುಂಡಸ್ವಾಮಿಯ ಕಾರು. ಕಾರು ಅಂದರೆ ಗಾಜಿಲ್ಲದ, ಬಾಗಿಲುಗಳನ್ನು ಬೆಸುಗೆ ಹಾಕಿ ಮುಚ್ಚಿದ, ಸುತ್ತಲೂ ಕಬ್ಬಿಣದ ಪಟ್ಟಿ ಕಟ್ಟಿದ ಒಂದು ಗೂಡು. ಬೆಲ್ಜಿಯಂ ಗಡಿಯ ಹತ್ತಿರದ ಜೇಡಿಮಣ್ಣಿನ ಟ್ರ್ಯಾಕಿನಲ್ಲಿ ಎಡಕ್ಕೇ ತಿರುಗುತ್ತ ಹದಿನೈದು ಸುತ್ತು ಓಡುವುದು, ಮುಂದಿನವನು ದಾರಿ ಬಿಡದಿದ್ದರೆ ಬಂಪರಿನಿಂದ ಗುದ್ದಿ ಹೊರಕ್ಕೆ ತಳ್ಳುವುದು, ಅದರ ಕೆಲಸ ಇಷ್ಟೇ. ಗುದ್ದುವುದಕ್ಕೆ ನಿಯಮದಲ್ಲೇ ಅನುಮತಿಯಿದೆ. ಟಿಕೆಟ್ಟು ಕೊಂಡವರು ಬರುವುದೂ ಅದಕ್ಕೇ. ಕಾರಿನ ಟಾಪಿನ ಬಣ್ಣದಿಂದ ಓಡಿಸುವವನ ಅಂತಸ್ತು ಗೊತ್ತಾಗುತ್ತದೆ. ಹೊಸಬರಿಗೂ ಕೈಲಾಗದವರಿಗೂ ಬಿಳಿ, ಆಮೇಲೆ ಹಳದಿ, ನೀಲಿ, ಎಲ್ಲಕ್ಕಿಂತ ಮೇಲೆ ಕೆಂಪು. ಬಿಳಿಯವರನ್ನು ಕರುಣೆಯಿಂದ ಎಲ್ಲರಿಗಿಂತ ಮುಂದೆ ನಿಲ್ಲಿಸಿ ಹೊರಡಿಸುತ್ತಾರೆ. ಕೆಂಪಿನವರು ಹಿಂದಿನಿಂದ ಬಂದು ಎಲ್ಲರನ್ನೂ ದಾಟಿ ಹೋಗುತ್ತಾರೆ. ನಂಜುಂಡಸ್ವಾಮಿ ಹನ್ನೊಂದು ವರ್ಷ ಬಿಳಿ ಟಾಪಿನಡಿಯಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದ. ಹೋದ ಭಾನುವಾರ ಎರಡನೆಯ ಸ್ಥಾನದ ಅಂಕಗಳಿಂದ ಮೊದಲ ಸಲ ಹಳದಿಯಾದ. ಕ್ಲಬ್ಬಿನಿಂದ ಕಾಗದವೂ ಬಂದಿತ್ತು: ಮುಂದಿನ ಪಂದ್ಯದೊಳಗೆ ಟಾಪು ಬಳಿದಿರಬೇಕು.

“ಬಳಿಯೋ, ಒಣಗೋಕೆ ನಾಳೆ ತನಕ ಬೇಕು,” ಎಂದ ಟೂನ್ ತನ್ನ ಡಚ್ಚಿನಲ್ಲಿ. “ಹನ್ನೊಂದು ವರ್ಷದಿಂದ ಈ ಡಬ್ಬಿ ಇಟ್ಕೊಂಡು ಕೂತಿದೀನಿ. ಒಳಗೆ ಕಲ್ಲಾಗಿರುತ್ತೆ.”

ಕಲ್ಲಾಗಿರಲಿಲ್ಲ. ಮೇಲೆ ಒಂದು ಕೆನೆ ಕಟ್ಟಿತ್ತು, ಅದರಡಿ ಬಣ್ಣ ಹಸಿಯಾಗಿಯೇ ಇತ್ತು. ನಂಜುಂಡಸ್ವಾಮಿಗೆ ಅದು ಸ್ವಲ್ಪ ನಿರಾಸೆಯನ್ನೇ ಉಂಟುಮಾಡಿತು.

“ಪೀರ್ ಹೇಗಿದ್ದಾನೆ?” ಹೋದ ಭಾನುವಾರ ನಂಜುಂಡಸ್ವಾಮಿಯ ಬಂಪರಿಗೆ ಸಿಕ್ಕಿ ಮಗುಚಿದವನು ಪೀರ್.

“ಕಾಲರ್ ಬೋನು ಮುರಿದಿದೆ, ಅಷ್ಟೇ. ಮನೇಲಿ ಕೂತು ಹೆಂಡ್ತಿ ತಲೆ ತಿಂತಿದಾನೆ.”

“ಹೋಗಿ ಸಾರಿ ಹೇಳಿ ಬರಲಾ?”

ಟೂನ್ ಲೋಟವನ್ನು ಟಯರಿನ ಮೇಲಿಟ್ಟ. “ಹುಚ್ಚಾ ನಿಂಗೆ? ಗುದ್ದಿದ್ದಕ್ಕೆ ಸಾರಿ ಕೇಳಿದ್ರೆ ಅವನಿಗೆ ವಯಸ್ಸಾಯ್ತು ಅಂದ ಹಾಗೆ. ನಲವತ್ತು ವರ್ಷದಲ್ಲಿ ಆ ಟ್ರ್ಯಾಕಲ್ಲಿ ಯಾರೂ ಸಾರಿ ಕೇಳಿಲ್ಲ. ನೀನು ಶುರು ಮಾಡ್ಬೇಡ.”

ನಂಜುಂಡಸ್ವಾಮಿ ಮೊದಲ ಪದರ ಬಳಿದ. ಬಿಳಿಯ ಮೇಲೆ ಹಳದಿ ತೆಳುವಾಗಿ, ಮಗುವಿನ ಮೈಗೆ ಹಚ್ಚಿದ ಅರಿಶಿನದಂತೆ ಹರಡಿತು. ಗುದ್ದಿದ್ದಕ್ಕೆ ಕ್ಷಮೆ ಕೇಳಬೇಕೆಂದು ಅವನಿಗೇನೂ ಅನ್ನಿಸಿರಲಿಲ್ಲ. ಹನ್ನೊಂದು ವರ್ಷದಲ್ಲಿ ಸಾವಿರ ಸಲವಾದರೂ ಗುದ್ದಿದ್ದಾನೆ, ಅಷ್ಟೇ ಸಲ ಗುದ್ದಿಸಿಕೊಂಡಿದ್ದಾನೆ. ಅವನನ್ನು ತಿನ್ನುತ್ತಿದ್ದುದು ಬೇರೆ, ಮತ್ತು ಅದನ್ನು ಡಚ್ಚಿನಲ್ಲಿ ಹೇಳುವುದು ಹೇಗೆಂದು ಗೊತ್ತಿರಲಿಲ್ಲ. ಕನ್ನಡದಲ್ಲಿ ಹೇಳುವುದು ಹೇಗೆಂದೂ ಗೊತ್ತಿರಲಿಲ್ಲ, ಯಾಕೆಂದರೆ ಕನ್ನಡದಲ್ಲಿ ಅದನ್ನು ಯಾರೂ ಹೇಳುವುದಿಲ್ಲ, ಮಾಡುತ್ತಾರೆ. ಕಾಲು ಯಾರಿಗಾದರೂ ತಾಗಿದರೆ ತಾಗಿದ ಜಾಗ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ, ಮಾತು ಮುಂದುವರಿಸುತ್ತಾರೆ. ಅವನ ಅಪ್ಪ ಶ್ರಾವಣದಲ್ಲಿ ನಂಜನಗೂಡಿನ ಛತ್ರದಲ್ಲಿ ಗಮಕ ವಾಚನ ಮಾಡುವಾಗ ಪುಟ ತಿರುವುವ ಕೆಲಸ ಅವನದು. ಎಂಟು ವರ್ಷವಿದ್ದಾಗ ಒಂದು ಸಂಜೆ ಚಕ್ಕಳಮಕ್ಕಳದಲ್ಲಿ ಕಾಲು ಜೋಮು ಹಿಡಿದು, ಚಾಚಿದಾಗ ವ್ಯಾಸಪೀಠದ ಮೇಲಿನ ಪುಸ್ತಕಕ್ಕೆ ಹೆಬ್ಬೆರಳು ತಾಗಿತು. ಅಪ್ಪ ಷಟ್ಪದಿಯ ಮೂರನೆಯ ಸಾಲಿನ ಕೊನೆಯಲ್ಲಿದ್ದರು. ಅಲ್ಲೇ ನಿಂತರು. ಕೊನೆಯ ಅಕ್ಷರವನ್ನು ಎಳೆದು, ಅದನ್ನು ಹಾಗೇ ಗಾಳಿಯಲ್ಲಿ ಬಿಟ್ಟು, ಮಗನನ್ನು ನೋಡಿದರು. ಕೇಳುವವರು ಅದೂ ರಾಗದ ಭಾಗವೆಂದು ತಲೆದೂಗಿದರು. ಅವನು ಪುಸ್ತಕ ಮುಟ್ಟಿ ಎರಡೂ ಕಣ್ಣಿಗೊತ್ತಿಕೊಂಡ ಮೇಲೆಯೇ ಉಳಿದ ಮೂರು ಸಾಲು ಬಂದವು. ಅಪ್ಪ ಆಮೇಲೆ ಬೈಯಲಿಲ್ಲ. ಬೈದಿದ್ದರೆ ಮರೆತುಹೋಗುತ್ತಿತ್ತೇನೋ.

ಹೀಗಾಗಿ ಅವನ ಬಂಪರು ಇನ್ನೊಂದು ಕಾರಿಗೆ ತಾಗಿದಾಗಲೆಲ್ಲ ಬಲಗೈ ಸ್ಟಿಯರಿಂಗ್ ಬಿಟ್ಟು ಮೇಲೇಳುತ್ತಿತ್ತು. ಮುಟ್ಟಲು ಆ ಕಾರು ಸಿಗುತ್ತಿರಲಿಲ್ಲ. ಕೈ ನೇರವಾಗಿ ಹೆಲ್ಮೆಟ್ಟಿನ ಗಾಜಿಗೆ ಹೋಗಿ, ಒಂದು ಸಲ ಒತ್ತಿ, ವಾಪಸು ಬರುತ್ತಿತ್ತು. ಮುಕ್ಕಾಲು ಸೆಕೆಂಡು. ಅಷ್ಟರಲ್ಲಿ ಆಕ್ಸಿಲರೇಟರಿನ ಮೇಲಿನ ಕಾಲೂ ಸಡಿಲವಾಗುತ್ತಿತ್ತು, ಗುದ್ದಿಸಿಕೊಂಡವನು ಸುಧಾರಿಸಿಕೊಂಡು ಒಳಕ್ಕೆ ಬಂದು ಮತ್ತೆ ಮುಂದೆ ಹೋಗಿರುತ್ತಿದ್ದ. ತಾನು ಹೀಗೆ ಮಾಡುತ್ತೇನೆಂದು ನಂಜುಂಡಸ್ವಾಮಿಗೆ ಮೂರನೆಯ ವರ್ಷ ಗೊತ್ತಾಯಿತು. ಬಿಡಲು ನೋಡಿದ. ಕೈಗವಸನ್ನು ಸ್ಟಿಯರಿಂಗಿಗೆ ಟೇಪಿನಲ್ಲಿ ಸುತ್ತಿ ಒಂದು ಪಂದ್ಯ ಓಡಿದ. ಕೈ ಗವಸನ್ನು ಅಲ್ಲೇ ಬಿಟ್ಟು ಬರಿದಾಗಿ ಮೇಲೆ ಬಂತು. ಆಮೇಲೆ ಆ ವಿಷಯವನ್ನು ತನ್ನಷ್ಟಕ್ಕೆ ಇಟ್ಟುಕೊಂಡ. ಹೆಲ್ಮೆಟ್ಟಿನೊಳಗೆ ನಡೆಯುವುದು ಯಾರಿಗೆ ಕಾಣುತ್ತದೆ ಎಂದುಕೊಂಡ. ಸೋಲಿಗೆ ಒಂದು ಕಾರಣವಿದೆ ಎನ್ನುವುದು, ಮತ್ತು ಆ ಕಾರಣ ಕೀಳಾದದ್ದಲ್ಲ ಎನ್ನುವುದು, ಅವನಿಗೆ ಒಳಗೊಳಗೇ ಒಂದು ಬೆಚ್ಚಗಿನ ವಿಷಯವಾಗಿತ್ತು. ಸೋಮವಾರ ಗೋದಾಮಿಗೆ ಹೋಗಿ, ಸಾಗಣೆಯಲ್ಲಿ ಜಜ್ಜಿಹೋದ ಪೆಟ್ಟಿಗೆಗಳ ಫೋಟೋ ತೆಗೆದು, ಪೆಟ್ಟು ಇಲ್ಲಿಗೆ ಬರುವ ಮೊದಲೇ ಬಿದ್ದದ್ದೋ ಬಂದ ಮೇಲೆ ಬಿದ್ದದ್ದೋ ಎಂದು ಷರಾ ಬರೆಯುವಾಗ, ಅವನು ಬೇರೆಯವರಿಗಿಂತ ತುಸು ನೆಟ್ಟಗೆ ಕೂರುತ್ತಿದ್ದ. ಕ್ಲಬ್ಬಿನವರು ಅವನಿಗೆ ಮೂರು ಸಲ ಬಹುಮಾನದ ಕಪ್ಪು ಕೊಟ್ಟಿದ್ದರು, ಎಲ್ಲರಿಗಿಂತ ಸಭ್ಯ ಚಾಲಕ ಎಂದು. ಮೂರೂ ದೇವರ ಗೂಡಿನ ಪಕ್ಕದ ಶೆಲ್ಫಿನಲ್ಲಿದ್ದವು. ಒಂದರಲ್ಲಿ ಅವನ ಹೆಂಡತಿ ಉಷಾ ಹೂಬತ್ತಿ ಇಟ್ಟಿದ್ದಳು. ಹೋದ ಗಣೇಶನ ಹಬ್ಬದ ಊಟಕ್ಕೆ, ಕನ್ನಡದವರು ಸೇರುವ ಬೈಟನ್‌ವೆಲ್ಡರ್ಟ್‌ಗೆ ಹೋದಾಗ ಕೌಶಲ್ ಎಂಬ ಹೊಸ ಹುಡುಗ, ಬೆಂಗಳೂರಿನವನು, ಹೋಳಿಗೆ ಕೈಯಲ್ಲಿ ಹಿಡಿದು ಕೇಳಿದ್ದ: “ಸರ್, ಹೆಲ್ಮೆಟ್ ಹಾಕ್ಕೊಂಡು, ಸ್ಲಾಟ್ ಬುಕ್ ಮಾಡ್ಕೊಂಡು, ಬೇರೆಯವ್ರ ಗಾಡಿಗೆ ಗುದ್ದೋದಾ? ಸಿಲ್ಕ್ ಬೋರ್ಡಲ್ಲಿ ಇದನ್ನೇ ನಾವು ಡೈಲಿ ಫ್ರೀಯಾಗಿ ಮಾಡ್ತಿದ್ವಲ್ಲ ಸರ್!” ಎಲ್ಲರೂ ನಕ್ಕರು. ಅವನೂ ನಕ್ಕ. ಕಪ್ಪುಗಳ ಬಗ್ಗೆ ಹೇಳೋಣವೆಂದುಕೊಂಡು ಹೇಳಲಿಲ್ಲ.

ಹೋದ ಭಾನುವಾರ ಮಗಳು ಇಂಚರಾ ಮೊದಲ ಸಲ ಟ್ರ್ಯಾಕಿಗೆ ಬಂದಿದ್ದಳು. ಹದಿಮೂರು ವರ್ಷ, ಅವಳ ಡಚ್ಚು ಟಿಲ್‌ಬರ್ಗ್‌ನ ಬೀದಿಯದು, ಅವನದು ಸಂಜೆಯ ತರಗತಿಯದು. ಕಾರುಗಳು ಸಾಲು ನಿಲ್ಲುತ್ತಿದ್ದಾಗ ಮೈಕಿನ ಮನುಷ್ಯ ಒಬ್ಬೊಬ್ಬರ ಹೆಸರು ಹೇಳುತ್ತ ಅವನ ಹೆಸರಿಗೆ ಬಂದ. “ಎಲ್ಲರಿಗಿಂತ ಮುಂದೆ, ಹನ್ನೊಂದನೇ ವರ್ಷವೂ ಬಿಳಿ ಟಾಪಿನಲ್ಲಿ, ನಮ್ಮ ಅತ್ಯಂತ ಸಭ್ಯ ಚಾಲಕ, ನನ್ಯುಂಡ!” ಪ್ರತಿ ಸಲವೂ ಹೀಗೇ ಹೇಳುತ್ತಿದ್ದ. ಪ್ರತಿ ಸಲವೂ ಜನ ಚಪ್ಪಾಳೆ ತಟ್ಟಿ ಏನೋ ಕೂಗುತ್ತಿದ್ದರು, ಅವನು ಕೈ ಬೀಸುತ್ತಿದ್ದ. ಅಂದೂ ಬೀಸಿದ. ಬೇಲಿಯ ಹತ್ತಿರ ನಿಂತಿದ್ದ ಇಂಚರಾ ಹೆಲ್ಮೆಟ್ ಕೊಡಲು ಓಡಿ ಬಂದಳು. ಅವಳ ಕಿವಿ ಕೆಂಪಾಗಿತ್ತು. “ಅಪ್ಪ, ವೇವ್ ಮಾಡ್ಬೇಡ.” “ಯಾಕೋ ಪುಟ್ಟ?” “ದೇ ಆರ್ ಮೇಕಿಂಗ್ ಫನ್, ಅಪ್ಪ. ಅವ್ರು ಹೇಳೋ ರೀತಿ… ನಿಂಗೆ ಕೇಳ್ಸಲ್ವಾ?” ಅವನಿಗೆ ಪದಗಳು ಕೇಳಿಸುತ್ತಿದ್ದವು. ದನಿ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕೇಳಿಸಿರಲಿಲ್ಲ, ದನಿಯನ್ನು ಕೇಳುವುದೇ ಕೆಲಸವಾಗಿದ್ದ ಮನೆಯಲ್ಲಿ ಹುಟ್ಟಿದವನಿಗೆ. ಅಪ್ಪ ಒಂದೇ ಪದ್ಯವನ್ನು ಒಂದು ಸಂಜೆ ಸ್ತುತಿಯಾಗಿ, ಇನ್ನೊಂದು ಸಂಜೆ ಅಣಕವಾಗಿ ಹಾಡಬಲ್ಲವರಾಗಿದ್ದರು. ಹೆಲ್ಮೆಟ್ಟಿನ ಪಟ್ಟಿ ಬಿಗಿಯುವಾಗ ಅವನಿಗೆ ಶೆಲ್ಫಿನ ಮೇಲಿನ ಮೂರು ಕಪ್ಪುಗಳು ನೆನಪಾದವು, ಒಂದಾದ ಮೇಲೆ ಒಂದು, ಹೂಬತ್ತಿಯ ಸಮೇತ. ಒಂಬತ್ತನೆಯ ಸುತ್ತಿನಲ್ಲಿ ಪೀರ್‌ನ ಹಳದಿ ಟಾಪು ಮುಂದಿತ್ತು. ಗುದ್ದಿದ. ಪೀರ್ ಒಂದು ಕಾರಿನ ಅಗಲದಷ್ಟು ಹೊರಕ್ಕೆ ಸರಿದ. ಕೈ ಏಳಲು ಹೊರಟಿತು. ಆ ಕೈ ತನ್ನದಲ್ಲವೆಂಬಂತೆ ನಂಜುಂಡಸ್ವಾಮಿ ಅದನ್ನು ಸ್ಟಿಯರಿಂಗಿಗೆ ಒತ್ತಿ ಹಿಡಿದ. ಕಾಲನ್ನೂ ಒತ್ತಿದ. ಪೀರ್ ಒಳಕ್ಕೆ ತಿರುಗಿ ನೇರ ಅವನ ಬಂಪರಿನ ಮೇಲೆ ಬಂದ, ತನ್ನ ಎಡಗಡೆಯಿಂದ, ಈ ದೇಶದಲ್ಲಿ ಓಡಿಸುವವನು ಕೂತಿರುವ ಪಕ್ಕದಿಂದಲೇ, ಆಮೇಲೆ ಎರಡು ಸಲ ಮಗುಚಿದ. ಪಂದ್ಯ ನಿಲ್ಲಿಸುವ ಕೆಂಪು ಬಾವುಟ ಹಾರಿದಾಗ ನಂಜುಂಡಸ್ವಾಮಿ ಎರಡನೆಯ ಸ್ಥಾನದಲ್ಲಿದ್ದ. ನಿಯಮದ ಪ್ರಕಾರ ಎರಡನೆಯವನಾಗಿಯೇ ಉಳಿದ.

ಇಂದು ಬೆಳಿಗ್ಗೆ ದೋಸೆಯ ತಟ್ಟೆಯ ಪಕ್ಕ ಫೋನು ನಿಲ್ಲಿಸಿಕೊಂಡು ಇಂಚರಾ ಅವನ ಕಾರಿನೊಳಗಿನ ಕ್ಯಾಮೆರಾದ ವಿಡಿಯೊ ನೋಡುತ್ತಿದ್ದಳು. “ಅಪ್ಪ, ಯೂ ಆಲ್ವೇಸ್ ಡು ದಿಸ್,” ಎಂದು ಬೆರಳನ್ನು ಕಣ್ಣಿಗೊತ್ತಿಕೊಂಡು ತೋರಿಸಿದಳು. “ಇಲ್ಲಿ ಮಾಡಿಲ್ಲ. ಓನ್ಲಿ ಹಿಯರ್.” ಅವಳಿಗೆ ಅದು ಲೆಕ್ಕ ತಪ್ಪಿದ ಒಂದು ಆಟ ಮಾತ್ರ. ಒಲೆಯ ಮುಂದಿದ್ದ ಉಷಾ ತಿರುಗಿ ನೋಡಿದಳು. “ರೀ, ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ. ಆಸ್ಪತ್ರೆಯಿಂದ ಬಂದವ್ರನ್ನ ನೋಡೋಕೆ ಎಂತೆಂಥವ್ರೋ ಹೋಗ್ತಾರೆ, ನೀವೇ ಬೀಳಿಸಿ ನೀವೇ ಹೋಗ್ದಿದ್ರೆ?” ಆಮೇಲೆ ರವೆ ಉಂಡೆ ತುಂಬಿದ ಸ್ಟೀಲ್ ಡಬ್ಬಿಯನ್ನು ಚೀಲಕ್ಕೆ ಹಾಕಿ, “ಡಬ್ಬಿ ವಾಪಸ್ ತರೋದು ಮರೀಬೇಡಿ, ಅದು ಸೆಟ್ಟಿಂದು,” ಎಂದಿದ್ದಳು. ಡಬ್ಬಿ ಈಗ ಕೊಟ್ಟಿಗೆಯ ಕಿಟಕಿಯಲ್ಲಿತ್ತು. ಎರಡನೆಯ ಪದರ ಬಳಿದು, ಕುಂಚವನ್ನು ತೊಳೆದು, ಅವನು ಅದನ್ನು ತೆಗೆದುಕೊಂಡ. ಟೂನ್ ತಲೆಯಾಡಿಸಿದ. “ಅಫ್‌ಸ್ಪ್ರಾಕ್ ಮಾಡಿದೀಯಾ?” ಮಾಡಿರಲಿಲ್ಲ. ಈ ದೇಶದಲ್ಲಿ ಮೊದಲೇ ಹೊತ್ತು ಗೊತ್ತುಮಾಡಿಕೊಳ್ಳದೆ ಯಾರ ಮನೆಗೂ ಹೋಗುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೊತ್ತು ಗೊತ್ತುಮಾಡಿಕೊಂಡರೆ ಹೋಗಲಾರೆನೆಂದೂ ಗೊತ್ತಿತ್ತು.

ಪೀರ್‌ನ ಹೆಂಡತಿ ಬಾಗಿಲು ತೆರೆದು ಅವನನ್ನೂ ಡಬ್ಬಿಯನ್ನೂ ನೋಡಿ, ನಾಲ್ಕೂವರೆಗೆ ಫಿಸಿಯೊ ಬರುತ್ತಾನೆ, ಅಲ್ಲಿಯವರೆಗೆ ಕೂರಬಹುದು ಎಂದಳು. ನಾಲ್ಕು ಗಂಟೆಯಾಗಿತ್ತು. ಪೀರ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ, ಎಡಗೈ ಕತ್ತಿಗೆ ಕಟ್ಟಿದ ಜೋಳಿಗೆಯಲ್ಲಿ. ಐವತ್ತೈದು ದಾಟಿದ ಮನುಷ್ಯ, ತೋಟಗಳಿಗೆ ಬೇಲಿ ಹಾಕುವ ಕೆಲಸ. ಆರು ವಾರ ಬೇಲಿಯೂ ಇಲ್ಲ. ಕಾಫಿ ಬಂತು, ಒಂದೊಂದು ಬಿಸ್ಕತ್ತು ಬಂತು, ಬಿಸ್ಕತ್ತಿನ ಟಿನ್ನು ಮುಚ್ಚಿ ಒಳಗೆ ಹೋಯಿತು. ಮಳೆಯ ಬಗ್ಗೆ ಮಾತಾಡಿದರು. ಇಬ್ಬರೂ ಒಪ್ಪಿದರು. ನಂಜುಂಡಸ್ವಾಮಿ ಬಾಯಿ ತೆರೆದಾಗಲೆಲ್ಲ ಟೂನ್ ಲೋಟವನ್ನು ಟಯರಿನ ಮೇಲಿಟ್ಟ ಸದ್ದು ನೆನಪಿನಲ್ಲಿ ಕೇಳಿಸುತ್ತಿತ್ತು. ಪೀರ್ ಒಂದು ಉಂಡೆಯನ್ನು ಬಲಗೈಯಲ್ಲಿ ತಿರುಗಿಸಿ ನೋಡಿ, ಕಚ್ಚಿ, ರವೆ ಎದೆಯ ಮೇಲೆ ಉದುರಿದ್ದನ್ನು ಜೋಳಿಗೆಯೊಳಗಿನ ಕೈಯಿಂದ ಕೊಡವಿಕೊಳ್ಳಲಾರದೆ ಹಾಗೇ ಬಿಟ್ಟ.

“ಕೈಗೆ ಏನಾಗಿತ್ತು?” ಎಂದ ಪೀರ್.

“ನಿನ್ನ ಕೈಗಾ?”

“ನಂದಲ್ಲ. ನಿಂದು.” ಉಂಡೆಯಿದ್ದ ಕೈಯನ್ನೇ ಎತ್ತಿ ಹುಬ್ಬಿಗೆ ಮುಟ್ಟಿಸಿದ. ರವೆ ರೆಪ್ಪೆಗೆ ಅಂಟಿತು. “ಇದು. ಅವತ್ತು ಮಾಡ್ಲಿಲ್ಲ ನೀನು.”

ನಂಜುಂಡಸ್ವಾಮಿ ಕುರ್ಚಿಯ ಅಂಚಿಗೆ ಸರಿದ. “ನಿನಗೆ ಅದು ಕಾಣ್ತಿತ್ತಾ?”

“ಎಲ್ಲರಿಗೂ ಕಾಣುತ್ತೆ. ಎಲ್ಲರಿಗೂ ಗೊತ್ತು.” ಪೀರ್‌ನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಲಿಗೆ ಗೂಟ ಎಷ್ಟು ಆಳ ಬೇಕೆಂದು ವಿವರಿಸುವವನ ಹಾಗೆ ಹೇಳುತ್ತಿದ್ದ. “ಹೊಸ ಹುಡುಗರು ಬಂದಾಗ ನಾವೇ ಹೇಳ್ಕೊಡ್ತೀವಿ. ಆ ಇಂಡಿಯಾದವನು ಗುದ್ದಿದ್ರೆ ಗಾಬರಿ ಆಗ್ಬೇಡಿ. ಒಂದು ಕಾರಿನಷ್ಟು ಹೊರಗೆ ಹೋಗಿ, ನೇರ ಒಳಗೆ ಬನ್ನಿ. ಅವನು ಅಲ್ಲಿರಲ್ಲ. ಅವನು ಹೆಲ್ಮೆಟ್ ಮುಟ್ಕೊಳ್ತಿರ್ತಾನೆ. ಹನ್ನೊಂದು ವರ್ಷದಲ್ಲಿ ಒಂದು ಸಲನೂ ತಪ್ಪಿಲ್ಲ. ನಾನು ತಿರುಗಿ ನೋಡೋದನ್ನೇ ಬಿಟ್ಟಿದ್ದೆ.” ಉಂಡೆಯ ಉಳಿದ ಭಾಗವನ್ನು ಬಾಯಿಗೆ ಹಾಕಿಕೊಂಡ. “ಬಂದೆ. ನೀನು ಅಲ್ಲಿದ್ದೆ.”

ಒಳಗೆ ಪೀರ್‌ನ ಹೆಂಡತಿ ಪಾತ್ರೆ ತೊಳೆಯುವ ಯಂತ್ರದಿಂದ ಚಮಚಗಳನ್ನು ತೆಗೆದು ಖಾನೆಗೆ ಹಾಕುತ್ತಿದ್ದಳು. ನಂಜುಂಡಸ್ವಾಮಿಗೆ ಗೋದಾಮಿನ ಷರಾ ನೆನಪಾಯಿತು: ಪೆಟ್ಟು ಇಲ್ಲಿಗೆ ಬರುವ ಮೊದಲೇ ಬಿದ್ದದ್ದೋ ಬಂದ ಮೇಲೆ ಬಿದ್ದದ್ದೋ. ಹೆಲ್ಮೆಟ್ಟಿನೊಳಗಿನ ಗುಟ್ಟೆಂದು, ತನಗೂ ದೇವರಿಗೂ ನಡುವಿನದೆಂದು ಅವನು ಹನ್ನೊಂದು ವರ್ಷ ಇಟ್ಟುಕೊಂಡಿದ್ದನ್ನು ಹದಿನಾರು ಜನ ಪಾಠ ಮಾಡಿಕೊಂಡಿದ್ದರು. ಅವನ ನಮಸ್ಕಾರ ಅವರಿಗೆ ಒಂದು ಸಂದು, ಹಾದುಹೋಗುವ ಜಾಗ. ಅದಕ್ಕೆ ನಾಚಿಕೆಯಾಗಬೇಕಿತ್ತು, ಆಯಿತೂ ಕೂಡ. ಆದರೆ ಅದರಡಿಯಲ್ಲಿ ಬೇರೆ ಏನೋ ಇತ್ತು. ಈ ಬೇಲಿಯ ಮನುಷ್ಯ ಹನ್ನೊಂದು ವರ್ಷ ತನ್ನ ಕೈಯನ್ನು ನಂಬಿದ್ದ. ತಿರುಗಿ ನೋಡದಷ್ಟು ನಂಬಿದ್ದ. ತಾನು ಕೊಟ್ಟದ್ದೇ ಗೊತ್ತಿಲ್ಲದ ಒಂದು ಮಾತನ್ನು, ಮೈಕಿನ ದನಿಗೆ ಸಿಟ್ಟಾಗಿ, ಮಗಳ ಕೆಂಪು ಕಿವಿಗೆ ಹೆದರಿ, ತಾನು ಮುರಿದಿದ್ದ. ಗೆಲ್ಲುವ ಆಸೆಯೆಂದು ಇಷ್ಟು ದಿನ ಅದಕ್ಕೆ ಹೆಸರಿಟ್ಟುಕೊಂಡಿದ್ದ.

“ಪೀರ್, ಅದು ಏನಂದ್ರೆ, ನಮ್ಮಲ್ಲಿ ಕಾಲು ಯಾರಿಗಾದ್ರೂ ತಾಗಿದ್ರೆ—”

“ನನಗೆ ಹೇಳ್ಬೇಡ,” ಎಂದ ಪೀರ್. “ಸಾರಿ ಅನ್ನೋಕೆ ಹೊರಟ್ರೆ ಈ ಡಬ್ಬಿ ವಾಪಸ್ ತಗೊಂಡು ಹೋಗು. ನನಗೆ ಬೇಕಾಗಿರೋದು ಒಂದೇ. ಅಕ್ಟೋಬರ್ ಕೊನೇಲಿ ಸೀಸನ್ನಿನ ಕೊನೇ ಪಂದ್ಯಕ್ಕೆ ಬರ್ತೀನಿ. ಆ ಕೈ ಏಳುತ್ತೋ ಇಲ್ವೋ?”

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಫಿಸಿಯೊ ಐದು ನಿಮಿಷ ಮುಂಚೆ ಬಂದಿದ್ದ. ನಂಜುಂಡಸ್ವಾಮಿ ಎದ್ದು ಕೈಕುಲುಕಿ ಹೊರಬಂದ. ಡಬ್ಬಿ ಅಲ್ಲೇ ಉಳಿಯಿತು.

ಎಂಟು ವಾರ, ನಡುವಿನ ಪಂದ್ಯಗಳಿಗೆ ಹೆಸರು ಕೊಡದೆ, ಅವನು ಆ ಪ್ರಶ್ನೆಯನ್ನು ಗೋದಾಮಿಗೂ ಮನೆಗೂ ಹೊತ್ತು ತಿರುಗಿದ. ಏಳುತ್ತದೆ ಎಂದರೆ ಅದು ಇನ್ನು ಗೊತ್ತಿದ್ದೂ ಮಾಡುವ ಕೆಲಸ, ನಾಟಕ. ಏಳುವುದಿಲ್ಲ ಎಂದರೆ ಉಳಿದ ಹದಿನೈದು ಜನಕ್ಕೂ ತಿಳಿಸಬೇಕು; ಕ್ಲಬ್ಬಿನ ನೋಟಿಸ್ ಬೋರ್ಡಿನಲ್ಲಿ ಹಾಕಿಸಬೇಕೇನೋ, ಇಂಥ ದಿನದಿಂದ ನನ್ಯುಂಡ ಕಣ್ಣಿಗೊತ್ತಿಕೊಳ್ಳುವುದಿಲ್ಲ ಎಂದು. ದೇವರ ಮುಂದೆ ಕೂತಾಗ ಕೈ ತಾನಾಗಿ ಕಣ್ಣಿಗೆ ಹೋದರೆ ಅದನ್ನು ದಾರಿಯಲ್ಲೇ ತಡೆದು ನೋಡುತ್ತಿದ್ದ. ಉಷಾ ಮೂರನೆಯ ದಿನ ಕೇಳಿದಳು: “ಏನ್ರೀ ಅದು, ಮಂಗಳಾರತಿ ತಗೊಳ್ಳೋಕೂ ಯೋಚ್ನೆನಾ? ಕರ್ಪೂರ ಆರ್ತಾ ಇದೆ.”

ಅಕ್ಟೋಬರಿನ ಕೊನೆಯ ಭಾನುವಾರ ಟ್ರ್ಯಾಕು ಮಳೆಯಲ್ಲಿ ನೆನೆದು ದೋಸೆಹಿಟ್ಟಿನಂತಾಗಿತ್ತು. ನಂಜುಂಡಸ್ವಾಮಿ ಹಳದಿಯವರ ಸಾಲಿನಲ್ಲಿ ನಿಂತ. ಪೀರ್ ಅವನ ಮುಂದೆ ಓರೆಯಲ್ಲಿ, ಹಳದಿಯಲ್ಲೇ. ಅಲ್ಲಿಂದ ಬಿಳಿ ಟಾಪುಗಳ ಬೆನ್ನು ಕಾಣುತ್ತಿತ್ತು. ಹನ್ನೊಂದು ವರ್ಷ ತನ್ನ ಬೆನ್ನು ಹೀಗೆ ಕಂಡಿರಬೇಕು ಎಂದುಕೊಂಡ. ಬೇಲಿಯ ಹತ್ತಿರ ಇಂಚರಾ ಹಳದಿ ಮಳೆಕೋಟಿನಲ್ಲಿ ನಿಂತಿದ್ದಳು. ಕೋಟು ಬಣ್ಣಕ್ಕೆ ಹೊಂದಲೆಂದು ಹಾಕಿಕೊಂಡಿದ್ದೋ, ಇರುವುದು ಅದೊಂದೇ ಎಂದೋ, ಅವನು ಕೇಳಿರಲಿಲ್ಲ. ಮೈಕಿನ ಮನುಷ್ಯ ಹೆಸರು ಹೇಳಿದ. ಈ ಸಲ ಸಭ್ಯ ಎನ್ನಲಿಲ್ಲ. ಅವನು ಕೈ ಬೀಸಲಿಲ್ಲ.

ಹನ್ನೊಂದನೆಯ ಸುತ್ತಿನಲ್ಲಿ ತಿರುವಿನ ಬಾಯಲ್ಲಿ ಪೀರ್ ದಾರಿ ಬಿಡದೆ ಮುಂದಿದ್ದ. ಒಂದು ಸುತ್ತು ಅವನ ಹಿಂದೆಯೇ ಹೋಗಿ, ಗುದ್ದದೆ ಮುಗಿಸಿಬಿಡೋಣವೇ ಎಂದು ನಂಜುಂಡಸ್ವಾಮಿ ಯೋಚಿಸಿದ; ಅದು ಪೀರ್‌ನನ್ನು ಮುದುಕ ಅಂದ ಹಾಗೆ. ಗುದ್ದಿದ. ಕಬ್ಬಿಣ ಕಬ್ಬಿಣಕ್ಕೆ ತಾಗಿದ್ದು ಬೆನ್ನುಮೂಳೆಯಲ್ಲಿ ಕೇಳಿಸಿತು. ಕೈ ಎದ್ದಿತು. ಅವನು ಎತ್ತಿದನೋ ಅದೇ ಎದ್ದಿತೋ ನೋಡಲು ಸಮಯವಿರಲಿಲ್ಲ. ಹೆಲ್ಮೆಟ್ಟಿನ ಗಾಜಿನ ಮೇಲೆ ಕೆಸರಿದ್ದದ್ದರಿಂದ ಒತ್ತಿದ ಬೆರಳು ಅಲ್ಲಿ ಗುರುತು ಬಿಟ್ಟಿತು. ಪೀರ್ ಒಂದು ಕಾರಿನ ಅಗಲದಷ್ಟು ಹೊರಕ್ಕೆ ಸರಿದ. ನಂಜುಂಡಸ್ವಾಮಿ ಕಾಲು ಸಡಿಲಿಸಿ, ಜಾಗ ಬಿಟ್ಟು, ಅವನು ಒಳಕ್ಕೆ ಬರಲೆಂದು ಕಾದ.

ಪೀರ್ ಬರಲಿಲ್ಲ. ಹೊರಗೇ, ಪಕ್ಕದಲ್ಲೇ, ತಾನೂ ವೇಗ ತಗ್ಗಿಸಿಕೊಂಡು ಉಳಿದ. ತಲೆ ತಿರುಗಿಸಿ ಇತ್ತಲೇ ನೋಡುತ್ತಿದ್ದ. ಇಬ್ಬರೂ ಹಾಗೇ ತಿರುವು ಮುಗಿಸಿ, ನೇರ ಹಾದಿಯಲ್ಲಿ ಜೋಡಿಯಾಗಿ, ಟ್ರ್ಯಾಕ್ಟರಿನ ವೇಗದಲ್ಲಿ ಹೋದರು. ನಂಜುಂಡಸ್ವಾಮಿ ಮುಂದೆ ಹೋಗಲಿಲ್ಲ. ಪೀರ್‌ನ ಎಡಗೈ ಸ್ಟಿಯರಿಂಗ್ ಬಿಟ್ಟು ಮೇಲೇಳುವುದು ಕಾಣಿಸಿತು, ಭುಜದವರೆಗೆ. ಕೂಡಿಕೊಂಡ ಮೂಳೆ ಅಲ್ಲಿಂದ ಮೇಲಕ್ಕೆ ಬಿಡಲಿಲ್ಲ. ಅದು ನಮಸ್ಕಾರಕ್ಕೆ ಹೊರಟದ್ದೋ, ಹೋಗಯ್ಯಾ ಮುಂದೆ ಎಂದದ್ದೋ ಅವನಿಗೆ ತಿಳಿಯಲಿಲ್ಲ. ಅಪ್ಪನ ಷಟ್ಪದಿಯ ಹಾಗೆ ಮೂರನೆಯ ಸಾಲು ಮುಗಿದಿತ್ತು, ನಾಲ್ಕನೆಯದನ್ನು ಯಾರು ಎತ್ತಿಕೊಳ್ಳಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಒಂದು ಬಿಳಿ ಟಾಪು ಬಂದು, ಇಬ್ಬರ ನಡುವಿನ ಸಂದಿನಲ್ಲಿ ನುಗ್ಗಿ, ಇಬ್ಬರ ಮೇಲೂ ಕೆಸರೆರಚಿ ಮುಂದೆ ಹೋಯಿತು. ಅದರ ಹಿಂದೆ ಇನ್ನೊಂದು.

ಪೀರ್ ಒಂಬತ್ತನೆಯವನಾದ, ನಂಜುಂಡಸ್ವಾಮಿ ಹತ್ತನೆಯವನಾದ. ಕಾರಿನಿಂದ ಇಳಿಯುತ್ತಿದ್ದಾಗ ಟೂನ್ ಬಂದು ಟಾಪನ್ನು ಎರಡು ಸಲ ಬಡಿದು, ಈ ಅಂಕಗಳಿಗೆ ವಸಂತದಲ್ಲಿ ಮತ್ತೆ ಬಿಳಿಯೇ, ಒಳ್ಳೆ ಬಣ್ಣ ಹಾಳು ಎಂದು ಹೇಳಿ ಹೋದ. ಎದುರು ಸಾಲಿನಿಂದ ಪೀರ್ ನಡೆದು ಬಂದ. ಸ್ಟೀಲ್ ಡಬ್ಬಿಯನ್ನು ಅವನ ಸೀಟಿನ ಮೇಲಿಟ್ಟು ಹೋದ. ತೊಳೆದು, ಒರೆಸಿ, ಮುಚ್ಚಳ ಬಿಗಿಯಾಗಿ ಹಾಕಿತ್ತು. ಎತ್ತಿದರೆ ಒಳಗೆ ಏನೋ ಸದ್ದಾಯಿತು; ಉಷಾಳ ಮುಂದೆಯೇ ತೆಗೆಯೋಣವೆಂದು ಚೀಲಕ್ಕೆ ಹಾಕಿಕೊಂಡ.

ಇಂಚರಾ ಕೆಸರಿನಲ್ಲಿ ಬೂಟು ಕೀಳುತ್ತ ಬಂದಳು.

“ಪುಟ್ಟ, ನಾವಿಬ್ರೂ ಹಾಗೆ ನಿಂತಾಗ ಮೈಕಲ್ಲಿ ಏನಂದ್ರು?”

“ಯಾವಾಗ?”

“ಪೀರ್ ಅಂಕಲ್ಲೂ ನಾನೂ ಪಕ್ಕ ಪಕ್ಕ ಹೋಗ್ತಿದ್ವಲ್ಲ. ನಂಗೆ ಹೆಲ್ಮೆಟ್ಟಲ್ಲಿ ಕೇಳ್ಸಲಿಲ್ಲ. ಯಾವ ಥರ ಹೇಳಿದ್ರು?”

ಅವಳು ನೆನಪು ಮಾಡಿಕೊಂಡಳು. ಹೆಲ್ಮೆಟ್ಟಿನ ಗಾಜಿನ ಮೇಲಿನ ಬೆರಳಿನ ಗುರುತನ್ನು ತನ್ನ ಕೋಟಿನ ತೋಳಿನಿಂದ ಒರೆಸತೊಡಗಿದಳು.

“ಏನೂ ಹೇಳ್ಲಿಲ್ಲ ಅಪ್ಪ,” ಎಂದಳು. “ಮಾತು ನಿಲ್ಲಿಸ್ಬಿಟ್ರು.”